ಹೆಸರಿಗೆ ಹಾಕಿದ ಅಂಕ

ಜನವರಿ ೧೨, ಭಾನುವಾರ

ಇವತ್ತು ಬ್ಯಾಂಕಿನಲ್ಲಿ ನನ್ನನ್ನು ಫೇಲು ಮಾಡಿದರು.

ಶುಕ್ರವಾರ, ಶನಿವಾರದ ರಜೆ ಮುಗಿದು ಬ್ಯಾಂಕು ಆಗಷ್ಟೇ ತೆರೆದಿತ್ತು. ಸಾಲದ ವಿಭಾಗದ ಹುಡುಗಿಯ ಹೆಸರು ಯುಮ್ನಾ. ನನ್ನ ಮಗಳು ನಿಹಾಲಳಿಗಿಂತ ಚಿಕ್ಕವಳು. ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಆಮೇಲೆ ಹಿರಿಯಳೆಂದು ಊರೆಲ್ಲ ಕರೆಯುವಂತೆ ಕರೆದು, ಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದಳು, "ಹಜ್ಜಾ, ನಿಮ್ಮ ಸಾಲದ ಅಂಕ ತುಂಬಾ ಕಡಿಮೆ ಇದೆ. ಅರ್ಜಿ ಮುಂದಕ್ಕೇ ಹೋಗಲ್ಲ."

"ಯಾವ ಅಂಕ? ನಾನು ಯಾವ ಪರೀಕ್ಷೆಗೆ ಕೂತಿದ್ದೆ?"

"ನೀವು ತಗೊಂಡ ಸಾಲ, ಕಂತು ಹೇಗೆ ಕಟ್ಟಿದೀರಿ ಅಂತ ಬ್ಯಾಂಕುಗಳು, ಕಂಪನಿಗಳು ಎಲ್ಲಾ ಒಂದು ಕಚೇರಿಗೆ ಹೇಳ್ತವೆ. ಅಲ್ಲಿಂದ ಬರೋ ಅಂಕ ಹಜ್ಜಾ."

"ಹಾಗಾದ್ರೆ ಜೋರಾಗಿ ಹೇಳು ಮಗಳೇ. ನಾನೇನು ಕದ್ದಿಲ್ಲ."

ಜೋರಾಗಿ ಹೇಳಲಿಲ್ಲ. ಚಹಾ ತರಿಸಲೇ ಅಂದಳು. ಬೇಡವೆಂದು ಎದ್ದು ಬಂದೆ.

ವಾಣಿಜ್ಯ ಡಿಪ್ಲೊಮಾದಲ್ಲಿ ದಮಿಯೆತ್ತಾ ಜಿಲ್ಲೆಗೇ ಮೂರನೆಯವಳಾಗಿ ಪಾಸಾದವಳು ನಾನು. ಹನ್ನೆರಡು ವರ್ಷದಿಂದ ಈ ಓಣಿಯ ಹೆಂಗಸರ ಚೀಟಿ ನನ್ನ ಕೈಯಲ್ಲಿದೆ. ತಿಂಗಳು ತಿಂಗಳು ಅವರ ಹಣ ನನ್ನ ಕೈಚೀಲದಲ್ಲಿರುತ್ತದೆ, ಒಬ್ಬಳೂ ಎಣಿಸಿ ನೋಡಿದವಳಲ್ಲ. ಅಂಥವಳ ಮಾತಿಗೆ ಬೆಲೆಯಿಲ್ಲವೆಂದು ಒಂದು ಪರದೆ ಹೇಳುತ್ತದೆ.

ಅಂಗಡಿ ಉಳಿಸಿಕೊಳ್ಳಲು ಹೋಗಿದ್ದೆ. ಮಾಲೀಕ ಇಜ್ಜತ್ ಮಾರುತ್ತಾನಂತೆ. ಮೂವತ್ತು ವರ್ಷ ಬಾಡಿಗೆ ಕಟ್ಟಿದವಳೆಂದು ಬಕ್ರೀದ್ ಕಳೆಯುವವರೆಗೆ ಕಾಯುತ್ತಾನೆ, ಅದಾದ ಮೇಲೆ ಹುಕ್ಕಾ ಕೆಫೆಯವನಿಗೆ ಕೊಡುತ್ತಾನೆ. ಅರ್ಧ ಹಣ ನನ್ನಲ್ಲಿದೆ. ಉಳಿದ ಅರ್ಧ ಬ್ಯಾಂಕು ಕೊಡಬೇಕು. ಕೊಡದಿದ್ದರೆ ನಾನೂ ನನ್ನ ನಾಲ್ವರು ಹೆಂಗಸರೂ ಸೋಫಾಗಳ ಹೊದಿಕೆಯನ್ನು ಬೀದಿಯಲ್ಲಿ ಕೂತು ಹೊಲಿಯಬೇಕು.

ಇದನ್ನು ಯಾರಿಗೂ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿ ೧೪, ಮಂಗಳವಾರ

ಶುಲ್ಕ ಕಟ್ಟಿ, ಗುರುತಿನ ಚೀಟಿ ತೋರಿಸಿ ನನ್ನದೇ ವರದಿಯನ್ನು ನಾನೇ ಕೊಂಡು ತಂದೆ. ನನ್ನ ಹೆಸರಿನ ಕೆಳಗೆ ಎರಡು ಬಾಕಿ ತೋರಿಸಿದ್ದಾರೆ.

ಮೊದಲನೆಯದು ನಿಹಾಲಳ ಮದುವೆಗೆ ತಂದ ಫ್ರಿಜ್ಜು ಮತ್ತು ವಾಷಿಂಗ್ ಮಷೀನಿನದು. ಹಾಜಿ ಬದ್ರಾನನ ಅಂಗಡಿಯಲ್ಲಿ ಕಂತಿನ ಮೇಲೆ ತೆಗೆದುಕೊಂಡಿದ್ದೆ, ಕಂತಿನ ಹಣ ಒಂದು ಕಂಪನಿಯದು. ಕೊನೆಯ ಕಂತುಗಳು ಬಂದೇ ಇಲ್ಲವೆಂದು ಬರೆದಿದೆ. ಸುಳ್ಳು! ಸಾಲದ ಫ್ರಿಜ್ಜಿನೊಂದಿಗೆ ಮಗಳನ್ನು ಗಂಡನ ಮನೆಗೆ ಕಳಿಸಬಾರದೆಂದು ಮದುವೆಗೆ ಮೊದಲೇ ಎಲ್ಲವನ್ನೂ ಒಟ್ಟಿಗೆ ಬದ್ರಾನನ ಕೈಯಲ್ಲಿಟ್ಟಿದ್ದೆ. ಅವನು ನಾನು ಸಹಿ ಹಾಕಿದ್ದ ಕಂತಿನ ಪತ್ರಗಳನ್ನು ಹಿಂದಕ್ಕೆ ಕೊಟ್ಟ. ನಮ್ಮ ಮನೆಯಲ್ಲಿ ಅಂಥ ಪತ್ರವನ್ನು ಒಳಗೆ ತರುವುದಿಲ್ಲ. ಅಂಗಡಿಯ ಹೊಸ್ತಿಲಲ್ಲೇ ನಿಂತು ನಾಲ್ಕು ಜನ ನೋಡುವ ಹಾಗೆ ಹರಿದು ಹಾಕುತ್ತೇವೆ. ನನ್ನ ತಾಯಿ ಹರಿದರು, ನಾನೂ ಹರಿದೆ.

ಹಾಗಾಗಿ ಕಟ್ಟಿದ್ದಕ್ಕೆ ನನ್ನಲ್ಲಿ ಒಂದು ತುಂಡು ಕಾಗದವೂ ಇಲ್ಲ.

ಎರಡನೆಯದು ಒಂದು ಮೊಬೈಲು. ನಾನು ಮೊಬೈಲು ಕೊಂಡವಳೇ ಅಲ್ಲ.

ಜನವರಿ ೧೬, ಗುರುವಾರ

ಬದ್ರಾನ್ ನನ್ನನ್ನು ಕಂಡು ಎದ್ದು ನಿಂತ. ವಿಷಯ ಹೇಳಿದ ಮೇಲೆ ಕೂತ.

"ನೀವು ಕಟ್ಟಿದ್ದು ನನಗೆ ನೆನಪಿದೆ ಹಜ್ಜಾ. ಇದೇ ಹೊಸ್ತಿಲಲ್ಲಿ ಹರಿದ್ರಿ. ಗಾಳಿಗೆ ಚೂರೆಲ್ಲಾ ಒಳಗೇ ಬಂತು."

"ಹಾಗಾದ್ರೆ ಬರೆದು ಕೊಡು."

"ಬಾಯಲ್ಲಿ ಹೇಳ್ತೀನಿ. ಯಾರು ಬಂದು ಕೇಳಿದ್ರೂ ಹೇಳ್ತೀನಿ."

"ಬಾಯಲ್ಲಿ ಹೇಳಿದ್ದು ಕಂಪ್ಯೂಟರಿಗೆ ಕೇಳಿಸಲ್ಲ ಬದ್ರಾನ್. ಹಣ ಕಂಪನಿಗೆ ಕಳಿಸಿದ್ಯಾ ಇಲ್ವಾ?"

ಅವನು ಗಾಜಿನ ಮೇಲಿದ್ದ ಧೂಳನ್ನು ಅಂಗೈಯಿಂದ ಒರೆಸಿದ. "ಆ ವರ್ಷ ಡಾಲರ್ ಏರಿತ್ತು. ಸರಕಿನ ಬೆಲೆ ದುಪ್ಪಟ್ಟಾಗಿತ್ತು. ಸ್ವಲ್ಪ ತಡ ಆಯ್ತು..."

"ಎಷ್ಟು ತಡ?"

"ಕಂಪನಿಯ ಕಾಗದ ನನ್ನ ಅಂಗಡಿಗೇ ಬರ್ತಿತ್ತು, ನಿಮಗೆ ಮುಟ್ಟಿಸ್ಲಿಲ್ಲ. ಕಳಿಸ್ಲೇ ಇಲ್ಲ ಅನ್ಸುತ್ತೆ."

ಅನ್ನಿಸುತ್ತದಂತೆ! ಬರೆದು ಕೊಟ್ಟರೆ ಕಂಪನಿ ಏಜೆನ್ಸಿ ಕಿತ್ತುಕೊಳ್ಳುತ್ತದೆಂದು ಕೈ ಮುಗಿದ. ಅವನ ಏಜೆನ್ಸಿ ಉಳಿಯಲು ನನ್ನ ಹೆಸರು ಕೊಳೆಯಬೇಕಂತೆ. ಭಾನುವಾರದವರೆಗೆ ಸಮಯ ಕೊಟ್ಟು ಬಂದೆ.

ಜನವರಿ ೧೯, ಭಾನುವಾರ

ಕೊಡಲಿಲ್ಲ. ನನ್ನ ಮಡಿಸುವ ಕುರ್ಚಿ, ಒಂದು ರಾಶಿ ಹೊದಿಕೆ, ಸೂಜಿದಾರ ತೆಗೆದುಕೊಂಡು ಹೋಗಿ ಅವನ ಅಂಗಡಿಯ ಬಾಗಿಲಲ್ಲಿ ಕೂತು ಹೊಲಿಗೆ ಶುರು ಮಾಡಿದೆ. ನೆರಳು ಚೆನ್ನಾಗಿದೆ ಅಲ್ಲಿ.

ಜನವರಿ ೨೧, ಮಂಗಳವಾರ

ಇದು ಮದುವೆ ಸಾಮಾನು ಕೊಳ್ಳುವ ಕಾಲ. ಮದುಮಗಳ ತಾಯಂದಿರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಇವತ್ತು ಒಬ್ಬಳು ನನ್ನನ್ನು ಅಂಗಡಿಯವಳೆಂದೇ ತಿಳಿದು ಕೇಳಿದಳು, "ಈ ಫ್ರಿಜ್ಜು ಚೆನ್ನಾಗಿದ್ಯಾ ಅಮ್ಮಾ?"

"ಬಹಳ ಚೆನ್ನಾಗಿದೆ ತಾಯಿ. ಆರು ವರ್ಷದಿಂದ ನನ್ನ ಮಗಳ ಮನೇಲಿ ತಣ್ಣಗಿದೆ. ಬಿಸಿ ಆಗಿರೋದು ನಾನು."

ಯಾಕೆಂದು ಕೇಳಿದಳು. ಹೇಳಿದೆ. ಅವಳ ಜೊತೆ ಬಂದಿದ್ದ ಇಬ್ಬರೂ ಹತ್ತಿರ ಬಂದು ಕೇಳಿಸಿಕೊಂಡರು. ಮೂವರೂ ಎದುರು ಅಂಗಡಿಗೆ ಹೋದರು.

ಬದ್ರಾನ್ ಹೊರಗೆ ಬಂದ. "ಹಜ್ಜಾ, ನಿಮ್ಮ ಕಾಲಿಗೆ ಬೀಳ್ತೀನಿ. ಏನು ಬೇಕು ಹೇಳಿ. ಮೈಕ್ರೋವೇವ್ ತಗೊಂಡು ಹೋಗಿ."

"ಒಂದು ಹಾಳೆ ಕಾಗದ ಬೇಕು. ಕೆಳಗೆ ನಿನ್ನ ಸಹಿ."

ಮಧ್ಯಾಹ್ನದ ನಮಾಜಿಗೆ ಮೊದಲು ಬರೆದು ಕೊಟ್ಟ. ಕಂಪನಿಗೆ ಹಣವನ್ನೂ ದಂಡವನ್ನೂ ಕಟ್ಟುತ್ತೇನೆಂದು ಒಪ್ಪಿಕೊಂಡ. ಕೈಬರಹ ಕೋಳಿ ಕೆರೆದ ಹಾಗಿತ್ತು. ಇನ್ನೊಮ್ಮೆ ನೀಟಾಗಿ ಬರೆಸಿದೆ.

ಜನವರಿ ೨೩, ಗುರುವಾರ

ಮೊಬೈಲಿನ ಕಳ್ಳ ಮನೆಯಲ್ಲೇ ಇದ್ದಾನೆ. ಶೌಕತ್. ನನ್ನ ಮಗ.

ಮೊನ್ನೆ ರಾತ್ರಿ ಕೆಲಸ ಮುಗಿಸಿ, ಕೈತುಂಬ ಮರದ ಪಾಲಿಶ್ ಬಳಿದುಕೊಂಡು ಬಂದವನ ಮುಂದೆ ವರದಿ ಇಟ್ಟೆ. ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ಅವನ ತಂದೆಯ ಹಾಗೆಯೇ ಕಿವಿಯಿಂದ ಕೆಂಪಾಗುತ್ತಾನೆ.

"ಹೋದ ವರ್ಷ ನಿನ್ನ ಹತ್ರ ಒಂದು ಸಹಿ ಹಾಕಿಸಿದ್ನಲ್ಲಮ್ಮಾ..."

"ಗ್ಯಾಸ್ ಕನೆಕ್ಷನ್‌ಗೆ ಅಂದೆ."

"ಗ್ಯಾಸಿಗೂ ಹಾಕ್ಸಿದ್ದೆ. ಅದರ ಕೆಳಗೆ ಇದೂ ಇತ್ತು. ಮೊದಮೊದಲು ಕಟ್ಟಿದೆ. ಆಮೇಲೆ ವರ್ಕ್‌ಶಾಪಲ್ಲಿ ಕೆಲಸ ಇರಲಿಲ್ಲ."

"ನಿನಗೇನು ಹೆಸರಿಲ್ವೇನೋ? ಹುಟ್ಟಿದ ಏಳನೇ ದಿನ ಕುರಿ ಕೊಯ್ದು ಇಟ್ಟ ಹೆಸರು?"

"ನನ್ನ ಹೆಸರಿಗೆ ಕೊಡಲ್ಲ ಅಂದ್ರು. ಓಣೀಲಿ ನಿನ್ನ ಹೆಸರು ಒಳ್ಳೇದಿತ್ತು ಅಮ್ಮಾ, ಅಂಗಡಿಯವನು ವರದಿ ನೋಡ್ಲೇ ಇಲ್ಲ. ಅದಕ್ಕೇ."

ಮೊಬೈಲು ಇಸಿದುಕೊಂಡು ಮಾರಿದೆ, ಕಡಿಮೆ ಬಿದ್ದದ್ದನ್ನು ಸೇರಿಸಿ ಬಾಕಿ ತೀರಿಸಿದೆ, ತೀರಿತೆಂದು ಕಂಪನಿಯಿಂದ ಕಾಗದ ತಂದೆ. ಈ ಸಲ ಹರಿಯಲಿಲ್ಲ. ಅವನಿಗೆ ಗುಂಡಿ ಒತ್ತುವ ಹಳೆಯ ಫೋನು ಕೊಟ್ಟಿದ್ದೇನೆ. ನಲವತ್ತರ ಗಂಡಸು ಅದನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಾನೆ.

ಜನವರಿ ೩೦, ಗುರುವಾರ

ಹೊಸ ಚೀಟಿಗೆ ಹೆಸರು ತೆಗೆದುಕೊಂಡೆ. ಹತ್ತು ಜನ ಆದರು. ನನ್ನಲ್ಲೇ ಹೊಲಿಯುವ ವಸೀಲಾ ಎಲ್ಲರೂ ಹೋಗುವವರೆಗೆ ಕಾದು ಬಂದಳು.

"ಹಜ್ಜಾ, ಈ ಸಲ ನನ್ನನ್ನೂ ಸೇರಿಸ್ಕೊಳ್ಳಿ."

"ಹೋದ ಸಲ ಎರಡು ತಿಂಗಳು ಕೈ ಎತ್ತಿದೆ. ನಿನ್ನ ಪಾಲು ನಾನು ತುಂಬಿದೆ."

"ಆಮೇಲೆ ಕೊಟ್ಟೆನಲ್ಲಾ..."

"ತಡವಾಗಿ ಕೊಟ್ಟದ್ದು ಕೊಟ್ಟ ಲೆಕ್ಕಕ್ಕೆ ಬರಲ್ಲ ವಸೀಲಾ."

ತಲೆ ತಗ್ಗಿಸಿ ಹೋದಳು. ತಪ್ಪಿಸಿದವಳು ತಪ್ಪಿಸಿದವಳೇ. ಯಾಕೆ ತಪ್ಪಿಸಿದೆ ಎಂದು ವಿಚಾರಿಸುತ್ತ ಕೂತರೆ ಚೀಟಿ ನಡೆಯುವುದಿಲ್ಲ.

ಫೆಬ್ರವರಿ ೨, ಭಾನುವಾರ

ಎರಡು ಕಾಗದಗಳೊಂದಿಗೆ ಆಕ್ಷೇಪಣೆ ಕೊಟ್ಟೆ. ನಾನೇ ಬರೆದದ್ದು. ಯುಮ್ನಾ ಓದಿ, "ಯಾರು ಬರೆದುಕೊಟ್ರು ಹಜ್ಜಾ? ವಕೀಲರಾ?" ಅಂದಳು.

"ನಾನೇ ಬರೆದೆ. ನೀನು ಹುಟ್ಟೋ ಮೊದಲು ನನಗೆ ವ್ಯವಹಾರದ ಪತ್ರ ಬರೆಯೋಕೆ ಕಲಿಸಿದ್ರು."

ಉತ್ತರಕ್ಕೆ ಕೆಲವು ವಾರ ಬೇಕಂತೆ. ಯಾವ ವಾರವೆಂದು ಮಾತ್ರ ಯಾರೂ ಹೇಳುವುದಿಲ್ಲ.

ಫೆಬ್ರವರಿ ೧೧, ಮಂಗಳವಾರ

ಇಜ್ಜತ್ ಅಂಗಡಿಗೆ ಬಂದು ವೆಲ್ವೆಟ್ ರೋಲಿನ ಮೇಲೆ ಕೂತ. ಎಬ್ಬಿಸಿ ಸ್ಟೂಲ್ ಕೊಟ್ಟೆ. ಬ್ಯಾಂಕಿನ ಸುದ್ದಿ ಅವನಿಗೆ ಹೇಗೋ ತಿಳಿದಿದೆ. ಈ ಮರಗೆಲಸದ ದಮಿಯೆತ್ತಾದಲ್ಲಿ ಮರದ ಹುಳವೂ ಸುದ್ದಿ ತಿಳಿದೇ ಮರ ಕೊರೆಯುತ್ತದೆ.

"ಹಜ್ಜಾ, ಕೈರೋದಲ್ಲಿ ನಂಗೆ ಗೊತ್ತಿರೋ ಒಬ್ಬ ಇದಾನೆ. ಸ್ವಲ್ಪ ಖರ್ಚು ಮಾಡಿದ್ರೆ ಹೆಸರು ತೊಳೆದು ಕೊಡ್ತಾನೆ. ಒಂದೇ ವಾರ."

"ನನ್ನ ಹೆಸರು ನಾನೇ ತೊಳ್ಕೊಳ್ತೀನಿ. ಅನ್ಯರು ತೊಳೆಯೋದು ಹೆಣ ಮಾತ್ರ."

"ಒಳ್ಳೇದಕ್ಕೆ ಹೇಳಿದೆ. ಬಕ್ರೀದ್ ದೂರ ಇಲ್ಲ ನೋಡಿ. ಕೆಫೆಯವನು ಮುಂಗಡ ಹಿಡಿದು ನಿಂತಿದಾನೆ."

"ನಿಂತಿರ್ಲಿ. ಕಾಲು ನೋಯೋದು ಅವನಿಗೆ."

ಮಾರ್ಚ್ ೪, ಮಂಗಳವಾರ

ರಂಜಾನಿನ ನಾಲ್ಕನೆಯ ದಿನ. ಉತ್ತರವಿಲ್ಲ. ಉಪವಾಸದಲ್ಲಿ ಕೋಪ ಮಾಡಬಾರದೆಂದು ಬ್ಯಾಂಕಿಗೆ ಹೋಗಲಿಲ್ಲ.

ಮಾರ್ಚ್ ೬, ಗುರುವಾರ

ಹೋದೆ. ಕೋಪ ಮಾಡಿದೆ. ಉತ್ತರವಿಲ್ಲ.

ಮಾರ್ಚ್ ೧೬, ಭಾನುವಾರ

ಫ್ರಿಜ್ಜಿನ ಬಾಕಿಯನ್ನು ಅಳಿಸಿದ್ದಾರೆ! ಕಂಪನಿ ಒಪ್ಪಿಕೊಂಡಿದೆ. ಮೊಬೈಲಿನದು ತೀರಿದೆ ಎಂದು ಬರೆದುಕೊಂಡಿದ್ದಾರೆ, ಆದರೆ ತಡವಾಗಿತ್ತು ಎಂಬ ಗುರುತು ಹಾಗೇ ಉಳಿದಿದೆ. ಅಂಕ ಏರಿದೆ. ಸಾಲ ಕೊಡುವಷ್ಟು ಏರಿಲ್ಲ.

"ಇನ್ನೂ ಯಾಕೆ?" ಎಂದು ಕೇಳಿದೆ.

"ಆ ತಡದ ಗುರುತಿದೆ. ಅದಲ್ಲದೆ ನಿಮ್ಮದು ಬೇರೆ ಏನೂ ಇಲ್ಲ ಹಜ್ಜಾ. ಎಲ್ಲಾ ನಗದು ಕೊಟ್ಟು ತಗೋತೀರಿ. ಸಿಸ್ಟಮ್‌ಗೆ ನೀವು ಗೊತ್ತೇ ಇಲ್ಲ."

"ಸಾಲ ಮಾಡದವಳನ್ನ ನಂಬಲ್ಲ ಅಂತೀಯಾ?"

"ಸಣ್ಣದೇನಾದ್ರೂ ಕಂತಲ್ಲಿ ತಗೊಳ್ಳಿ. ಸರಿಯಾದ ತಾರೀಖಿಗೆ ಕಟ್ಟಿ. ಪೂರ್ತಿ ಒಂದೇ ಸಲ ತೀರಿಸಿಬಿಡ್ಬೇಡಿ, ದಯವಿಟ್ಟು. ತಿಂಗಳು ತಿಂಗಳು ಕಟ್ತಿದೀರಿ ಅಂತ ಅದಕ್ಕೆ ಕಾಣ್ಬೇಕು."

"ಆ ತಡ ಹೇಗಾಯ್ತು ಅಂತ ನಿನ್ನ ಸಿಸ್ಟಮ್ ಒಂದು ಸಲನಾದ್ರೂ ಕೇಳ್ತಾ? ಮಗನಿಗೆ ಕೆಲಸ ಇರಲಿಲ್ಲ. ಕಾರಣ ಕೇಳದೆ ತೀರ್ಪು ಕೊಡೋದು ಎಲ್ಲಿಯ ನ್ಯಾಯ?"

ಪಾಪ, ಅವಳ ತುಟಿಯೂ ಉಪವಾಸದಿಂದ ಒಣಗಿತ್ತು. ಕಾರಣ ಕೇಳದವರೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ.

ಮಾರ್ಚ್ ೧೮, ಮಂಗಳವಾರ

ಹಬೆಯ ಇಸ್ತ್ರಿಪೆಟ್ಟಿಗೆಯೊಂದನ್ನು ಕಂತಿನ ಮೇಲೆ ತಂದೆ. ಅದರ ಪೂರ್ತಿ ಹಣ ನನ್ನ ಕೈಚೀಲದಲ್ಲೇ ಇತ್ತು. ಅಂಗಡಿಯವನ ಮುಂದೆ ಕೈಚೀಲ ಬಿಗಿಯಾಗಿ ಹಿಡಿದು, ಇಲ್ಲದವಳ ಹಾಗೆ ಸಹಿ ಹಾಕಿದೆ. ಬದ್ರಾನನ ಅಂಗಡಿಯಲ್ಲಲ್ಲ, ಎದುರು ಅಂಗಡಿಯಲ್ಲಿ.

ಮಾರ್ಚ್ ೨೫, ಮಂಗಳವಾರ

ವಸೀಲಾ ಆ ಇಸ್ತ್ರಿಯಲ್ಲಿ ಹೊಲಿಗೆ ಒತ್ತುತ್ತಿದ್ದಳು. ಸಾಲದ ವಸ್ತು ಕಣ್ಣ ಮುಂದೆ ಹಬೆ ಬಿಡುತ್ತಿದ್ದರೆ ನನಗೆ ಮೈ ಉರಿಯುತ್ತದೆ. ಹಸಿವು ಮರೆಯಲು ಏನಾದರೂ ಮಾತಾಡಬೇಕಿತ್ತು. ಹೋದ ವರ್ಷ ಆ ಎರಡು ತಿಂಗಳು ಯಾಕೆ ತಪ್ಪಿಸಿದೆ ಎಂದು ಕೇಳಿದೆ. ಅವಳು ಇಸ್ತ್ರಿ ಕೆಳಗಿಟ್ಟಳು.

"ನನ್ನ ಗಂಡ ಬೇರೆಯವರ ದೋಣೀಲಿ ಮೀನಿಗೆ ಹೋಗಿದ್ರು. ಸಮುದ್ರದಲ್ಲಿ ಗಡಿ ದಾಟಿದ್ರು ಅಂತ ಪಕ್ಕದ ದೇಶದವರು ಹಿಡಿದು ಒಳಗೆ ಹಾಕಿದ್ರು. ಬದುಕಿದಾರೋ ಇಲ್ವೋ ಅಂತ ಎಷ್ಟೋ ದಿನ ಗೊತ್ತಾಗ್ಲಿಲ್ಲ."

"ಇಲ್ಲಿ ದಿನಾ ಬಂದು ಹೊಲೀತಿದ್ದೆಯಲ್ಲೇ! ಒಂದು ಮಾತು ಹೇಳ್ಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ ಹಜ್ಜಾ."

ಅವರ ಸ್ವಂತ ದೋಣಿಯ ಎಂಜಿನ್ ಕೆಟ್ಟು ದಡದಲ್ಲೇ ಬಿದ್ದಿದೆಯಂತೆ. ಅದು ಸರಿಯಾಗುವವರೆಗೆ, ಬಿಡುಗಡೆಯಾಗಿ ಬಂದ ಗಂಡ ಮತ್ತೆ ಆ ದೂರದ ನೀರಿಗೇ ಹೋಗುತ್ತಾನೆ. ಸಂಜೆ ಉಪವಾಸ ಬಿಡಲು ಅವಳನ್ನು ಮನೆಗೆ ಕರೆದೆ. ಬಾತುಕೋಳಿ ಮಾಡಿದ್ದೆ, ಉಳಿದರೆ ಕೆಡುತ್ತದೆ.

ಇದನ್ನೆಲ್ಲ ಇಲ್ಲಿ ಯಾಕೆ ಬರೆದೆನೋ. ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಏಪ್ರಿಲ್ ೧೭, ಗುರುವಾರ

ಇಸ್ತ್ರಿಯ ಕಂತು ಕಟ್ಟಿದೆ. ತಾರೀಖಿಗೆ ಸರಿಯಾಗಿ. ಪೂರ್ತಿ ಕೊಟ್ಟುಬಿಡಲು ಕೈ ತುರಿಸಿತು.

ಏಪ್ರಿಲ್ ೨೪, ಗುರುವಾರ

ಚೀಟಿಯ ಒಬ್ಬ ಹೆಂಗಸು ಮಗಳ ಬಾಣಂತನಕ್ಕೆಂದು ಸುಯೆಜ್‌ಗೆ ಹೊರಟಳು, ಪಾಲು ಬಿಟ್ಟಳು. ಜೂನಿನ ಸರದಿ ಅವಳದ್ದಾಗಿತ್ತು. ಆ ಪಾಲನ್ನು ವಸೀಲಾಗೆ ಕೊಟ್ಟೆ. ಖಾಲಿ ಬಿಡಲು ಆಗುತ್ತದೆಯೇ? ಹತ್ತು ಜನ ಇರಲೇಬೇಕು. ಉಳಿದವರು ಏನೋ ಗೊಣಗಿದರು. "ಅವಳ ಮಾತಿಗೆ ನಾನಿದ್ದೇನೆ" ಅಂದೆ. ಗೊಣಗಾಟ ನಿಂತಿತು.

ಮೇ ೧೮, ಭಾನುವಾರ

ಎರಡನೆಯ ಕಂತು. ಶೌಕತ್ ಈಗ ಬೆಳಿಗ್ಗೆ ನನ್ನ ಅಂಗಡಿಯ ಸೋಫಾ ಚೌಕಟ್ಟುಗಳಿಗೆ ಪಾಲಿಶ್ ಹೊಡೆದು ಆಮೇಲೆ ವರ್ಕ್‌ಶಾಪಿಗೆ ಹೋಗುತ್ತಾನೆ. ನಾನು ಹೇಳಿರಲಿಲ್ಲ. ಕೂಲಿ ಕೊಡಲು ಹೋದರೆ, "ಮೊಬೈಲಿನ ಬಾಕಿಗೆ ಹಿಡ್ಕೋ ಅಮ್ಮಾ" ಎನ್ನುತ್ತಾನೆ. ಹಿಡಿದುಕೊಂಡೆ.

ಮೇ ೨೫, ಭಾನುವಾರ

ಸಾಲಕ್ಕೆ ಮತ್ತೆ ಅರ್ಜಿ ಕೊಟ್ಟೆ. ಯುಮ್ನಾ ಪರದೆ ನೋಡಿ ಈ ಸಲ ನಕ್ಕಳು. "ಅಂಕ ದಾಟಿದೆ ಹಜ್ಜಾ! ಇನ್ನು ಮೇಲಿನವರು ಒಪ್ಪಬೇಕು."

"ಈಗ ಯಾಕೆ ಕೂಗ್ತೀಯ? ಆವತ್ತು ಪಿಸುಗುಟ್ಟಿದೆಯಲ್ಲ, ಇವತ್ತೂ ಪಿಸುಗುಟ್ಟು."

ಸುತ್ತ ಕೂತವರೆಲ್ಲ ನಕ್ಕರು. ನಾನು ನಗಲಿಲ್ಲ. ಹೊರಗೆ ಬಂದು ಒಂದು ಪೊಟ್ಟಣ ಮುಶಬ್ಬಕ್ ಜಿಲೇಬಿ ಕೊಂಡು ಒಬ್ಬಳೇ ತಿಂದೆ.

ಜೂನ್ ೧೧, ಬುಧವಾರ

ಬಕ್ರೀದ್ ಕಳೆಯಿತು. ಬ್ಯಾಂಕಿನಿಂದ ಸುದ್ದಿಯಿಲ್ಲ. ಇಜ್ಜತ್ ಇವತ್ತು ಕೆಫೆಯವನನ್ನೇ ಕರೆದುಕೊಂಡು ಬಂದ. ಅವನು ಟೇಪು ಹಿಡಿದು ಗೋಡೆ ಅಳೆಯಲು ಶುರು ಮಾಡಿದ. ನಾನು ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದೆ, ಏಳಲಿಲ್ಲ. ಟೇಪು ನನ್ನ ತಲೆಯ ಮೇಲಿಂದ ಹೋಯಿತು.

"ಸ್ವಲ್ಪ ಸರೀರಿ ತಾಯಿ, ಅಳತೆ ತಪ್ಪುತ್ತೆ."

"ನನ್ನನ್ನೂ ಸೇರಿಸಿ ಅಳೀರಿ. ಅಂಗಡಿ ಜೊತೆ ನಾನೂ ಬರ್ತೀನಿ, ಹುಕ್ಕಾಗೆ ಕೆಂಡ ಹಾಕೋಕೆ."

ಇಜ್ಜತ್ ಕೆಮ್ಮಿದ. "ಭಾನುವಾರದವರೆಗೆ ಹಜ್ಜಾ. ಅದಕ್ಕಿಂತ ಒಂದು ದಿನ ಹೆಚ್ಚು ಕೇಳ್ಬೇಡಿ."

"ನಾನೆಲ್ಲಿ ಕೇಳಿದೆ?"

ಅವರು ಹೋದ ಮೇಲೆ ನೋಡಿದರೆ ಬಟ್ಟೆಯನ್ನು ಅಡ್ಡಡ್ಡ ಕತ್ತರಿಸಿಬಿಟ್ಟಿದ್ದೆ. ಎಷ್ಟೋ ವರ್ಷದ ನಂತರ ಮೊದಲ ಸಲ.

ಜೂನ್ ೧೨, ಗುರುವಾರ

ಯುಮ್ನಾ ಫೋನು ಮಾಡಿದಳು. ಸಾಲ ಮಂಜೂರಾಗಿದೆ. ಆದರೆ ಕೇಳಿದಷ್ಟು ಕೊಡುವುದಿಲ್ಲ. ಆ ತಡದ ಗುರುತಿನ ಕಾರಣಕ್ಕೆ ಮೊತ್ತಕ್ಕೆ ಕತ್ತರಿ ಹಾಕಿದ್ದಾರೆ. ಕಡಿಮೆ ಬಿದ್ದದ್ದು ನಮ್ಮ ಚೀಟಿಯ ಒಂದು ಸರದಿಯ ಹಣದಷ್ಟು, ಹೆಚ್ಚೂಕಡಿಮೆ.

ಈ ತಿಂಗಳ ಸರದಿಯ ಹಣ ಪೂರ್ತಿ ಬಂದು ನನ್ನ ಬಳಿಯೇ ಇದೆ. ವಸೀಲಾಳದು. ಭಾನುವಾರ ಕೊಡಬೇಕು.

ಹೆಂಗಸರಿಗೆ ಇದೂ ಗೊತ್ತಾಗಿದೆ. ಸಂಜೆ ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡಿದರು, ಸರದಿ ಅದಲು ಬದಲು ಮಾಡಿ, ಕೊನೆಯ ನಿಮ್ಮ ಸರದಿ ವಸೀಲಾಗೆ ಹೋಗಲಿ ಎಂದು. ವಸೀಲಾ ತಾನೇ ಮುಂದೆ ಬಂದಳು. "ತಗೊಳ್ಳಿ ಹಜ್ಜಾ. ಈ ಅಂಗಡಿ ಹೋದ್ರೆ ನಾನೆಲ್ಲಿ ಹೊಲೀಲಿ? ಎಂಜಿನ್ ಇನ್ನೂ ಸ್ವಲ್ಪ ದಿನ ಕಾಯುತ್ತೆ."

"ಸಮುದ್ರ ಕಾಯುತ್ತಾ?"

ಅವಳು ದಾರದ ಉಂಡೆ ಕೈಗೆತ್ತಿಕೊಂಡಳು.

"ಸರದಿ ಅಂದ್ರೆ ಸರದಿ. ನನಗಾಗಿ ಒಂದು ಸಲ ಮುರಿದ್ರೆ ನಾಳೆ ಎಲ್ಲರೂ ಮುರೀರಿ ಅಂತಾರೆ. ಎಲ್ಲರೂ ಕೆಲಸ ನೋಡಿ."

ನಿಯಮದ ಮಾತು, ಅಷ್ಟೇ.

ಜೂನ್ ೧೪, ಶನಿವಾರ

ಅಕ್ಕಸಾಲಿಗರ ಬೀದಿಗೆ ಹೋಗಿ ಬಲಗೈಯ ಬಳೆಗಳನ್ನು ಮಾರಿದೆ. ಮದುವೆಗೆ ಶೌಕತ್‌ನ ತಂದೆ ತಂದದ್ದು. ಸೋಪು ಹಚ್ಚಿದರೂ ಬರಲಿಲ್ಲ, ಕತ್ತರಿಸಿ ತೆಗೆದರು. ಅಂಗಡಿಯವನು, "ನೆನಪಿನ ವಸ್ತು ಹಜ್ಜಾ, ಯೋಚನೆ ಮಾಡಿ" ಅಂದ.

"ನೆನಪು ನನ್ನ ತಲೇಲಿದೆ. ನೀನು ತೂಕ ನೋಡು."

ಕೈ ಹಗುರವಾಗಿದೆ. ಬರೆಯುವಾಗ ಸದ್ದಾಗುವುದಿಲ್ಲ.

ಜೂನ್ ೧೫, ಭಾನುವಾರ

ಅಂಗಡಿ ನನ್ನದಾಯಿತು.

ಬ್ಯಾಂಕಿನ ಚೆಕ್ಕು, ನನ್ನ ಹಣ, ಬಳೆಯ ಹಣ, ಮೂರನ್ನೂ ಇಜ್ಜತ್‌ನ ಮುಂದಿಟ್ಟೆ. ಎರಡು ಸಲ ಎಣಿಸಿದ. ಮೂರನೆಯ ಸಲ ಎಣಿಸಲು ಬೆರಳು ಒದ್ದೆ ಮಾಡಿಕೊಂಡಾಗ, "ನಾನು ಹೊರಗೆ ಹೋಗಿ ಬರಲೇ, ರಾತ್ರಿಯವರೆಗೆ ಎಣಿಸ್ತಿರು" ಅಂದೆ. ಸಹಿ ಹಾಕಿದ. ನಾನು ಎರಡು ಸಲ ಓದಿ ಸಹಿ ಹಾಕಿದೆ. ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಹೆಸರಿನ ಮೇಲೂ ಬ್ಯಾಂಕಲ್ಲಿ ಏನೋ ಇದೆ ಹಜ್ಜಾ. ಆ ಕೈರೋದವನು ಹಣ ತಿಂದು ಫೋನೇ ಎತ್ತಲ್ಲ. ನೀವು ಅದನ್ನ ಹೇಗೆ ಮಾಡಿದ್ರಿ?" ಎಂದು ಕೇಳಿದ. ಮಂಗಳವಾರ ವರದಿ ತೆಗೆದುಕೊಂಡು ಬಾ ಎಂದು ಹೇಳಿದೆ. ತಡವಾಗಿ ಬಂದರೆ ನೋಡುವುದಿಲ್ಲ ಎಂದೂ ಹೇಳಿದೆ.

ಆಮೇಲೆ ಎಲ್ಲರ ಮುಂದೆ ವಸೀಲಾಳ ಸರದಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಹಣ ನೋಡಲಿಲ್ಲ, ನನ್ನ ಬರಿಯ ಮಣಿಕಟ್ಟನ್ನೇ ನೋಡುತ್ತ ನಿಂತಳು. ಆಮೇಲೆ ಇದ್ದಕ್ಕಿದ್ದಂತೆ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

"ಏಳೇ!" ಎಂದು ಗದರಿದೆ. "ಅದು ವೆಲ್ವೆಟ್. ನೀರು ಬಿದ್ರೆ ಕಲೆ ಹೋಗಲ್ಲ. ಅಳೋದಾದ್ರೆ ಈ ಕಡೆ ಬಾ, ನನ್ನ ಮೈಮೇಲಿರೋದು ಹತ್ತಿ ಬಟ್ಟೆ."

ಈ ಕಡೆ ಬಂದಳು.